ಗಂಟೆ ಹೊಡೆಯುವ ಮುಂಚೆ ಒಂದು ಚೀಟಿ: ಶಿಕ್ಷಕರ ಪ್ರಶ್ನೆ, ನಮ್ಮ ಉತ್ತರ

ಪಾಠ ಮುಗಿಯುವ ಹೊತ್ತಿಗೆ ಮಕ್ಕಳ ಕೈಗೆ ಚಿಕ್ಕ ಚೀಟಿ ಕೊಟ್ಟು ಎರಡು ಮೂರು ಸಾಲು ಬರೆಸುವುದು, ಅಂದಿನ ಪಾಠ ಎಷ್ಟು ತಲುಪಿದೆ ಎಂದು ಅದರಿಂದ ತಿಳಿಯುವುದು: ಈ ಪದ್ಧತಿಯ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಶಿಕ್ಷಕರು ಬರೆದ ಪತ್ರಗಳಿಗೆ ಈ ಬಾರಿಯ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: "ಇಂದು ಏನು ಕಲಿತಿರಿ?" ಎಂದು ವಾರಕ್ಕೆರಡು ಸಲ ಬರೆಸುತ್ತಿದ್ದೇನೆ. ಎಲ್ಲರೂ ಪಾಠದ ಹೆಸರು ಬರೆದು "ಚೆನ್ನಾಗಿ ಅರ್ಥವಾಯಿತು ಮಿಸ್" ಎನ್ನುತ್ತಾರೆ. ಕಿರುಪರೀಕ್ಷೆ ಕೊಟ್ಟರೆ ಅರ್ಧದಷ್ಟು ಮಕ್ಕಳು ಬರೆಯುವುದಿಲ್ಲ. ಎಲ್ಲಿ ತಪ್ಪಿದೆ? (ವಿಜ್ಞಾನ ಶಿಕ್ಷಕಿ, ಹಿರಿಯೂರು ತಾಲ್ಲೂಕು)

ತೊಂದರೆ ನಿಮ್ಮ ಪ್ರಶ್ನೆಯಲ್ಲಿದೆ. ತನಗೆ ಅರ್ಥವಾಗಿಲ್ಲ ಎಂದು ಗೊತ್ತಾಗುವುದಕ್ಕೂ ಒಂದಷ್ಟು ಅರ್ಥವಾಗಿರಬೇಕು. ಪಾಠ ಕೇಳುವಾಗ ಎಲ್ಲವೂ ಸರಾಗವಾಗಿ ತಲೆಗೆ ಹೋದಂತೆ ಅನ್ನಿಸುತ್ತದೆ. ಮಗು ಅದನ್ನೇ ನಂಬಿ ಬರೆಯುತ್ತದೆ, ನಿಮಗೆ ಸುಳ್ಳು ಹೇಳುತ್ತಿಲ್ಲ. ಆದ್ದರಿಂದ ಅನಿಸಿಕೆ ಕೇಳುವುದನ್ನು ಬಿಡಿ. ಅಂದಿನ ಪಾಠವನ್ನು ಬಳಸಿದರೆ ಮಾತ್ರ ಉತ್ತರ ಸಿಗುವಂಥ, ಪುಸ್ತಕದ ಸಾಲನ್ನು ಹಾಗೆಯೇ ಇಳಿಸಿದರೆ ಉತ್ತರವಾಗದಂಥ ಒಂದೇ ಒಂದು ಪ್ರಶ್ನೆ ಕೇಳಿ.

ಎಂಟನೇ ತರಗತಿಯ ಬಲ ಮತ್ತು ಒತ್ತಡದ ಪಾಠವನ್ನೇ ನೋಡೋಣ. ಆಳ ಹೆಚ್ಚಿದಂತೆ ದ್ರವದ ಒತ್ತಡ ಹೆಚ್ಚುತ್ತದೆ ಎಂದು ಕಲಿಸಿ ಮುಗಿಸಿದ್ದೀರಿ. ನಿಮ್ಮ ಮಕ್ಕಳಿಗೆ ವಾಣಿವಿಲಾಸ ಸಾಗರ ಹೊಸದಲ್ಲ. 1933ರ ನಂತರ ಮೊದಲ ಸಲ 2022ರಲ್ಲಿ ಕೋಡಿ ಬಿದ್ದದ್ದನ್ನು ಮನೆಮಂದಿಯ ಜೊತೆ ಹೋಗಿ ನೋಡಿಬಂದವರೂ ಇರುತ್ತಾರೆ. ಚೀಟಿಯ ಪ್ರಶ್ನೆ ಹೀಗಿರಲಿ: "ಅಣೆಕಟ್ಟೆಯ ಗೋಡೆ ಬುಡದಲ್ಲಿ ದಪ್ಪ, ಮೇಲೆ ಹೋದಂತೆ ತೆಳು. ಏಕೆ? ಎರಡು ಸಾಲು ಬರೆಯಿರಿ."

ಉತ್ತರಗಳು ಹೆಚ್ಚುಕಡಿಮೆ ನಾಲ್ಕು ಬಗೆಯವು. "ಕೆಳಗೆ ಹೋದಷ್ಟೂ ನೀರಿನ ಒತ್ತಡ ಜಾಸ್ತಿ, ತಡಕೊಳ್ಳಲಿಕ್ಕೆ ದಪ್ಪ ಬೇಕು" ಎಂದು ಬರೆದವರಿಗೆ ಪಾಠ ತಲುಪಿದೆ. "ಗೋಡೆ ಗಟ್ಟಿ ಇರಲಿ ಅಂತ" ಎಂದವರು ಪಾಠಕ್ಕೆ ಬರುವ ಮುಂಚೆಯೂ ಇದನ್ನೇ ಬರೆಯುತ್ತಿದ್ದರು. ಪಾಠ ಅವರಿಗೆ ತಾಗಿಲ್ಲ. "ಮೇಲಿನ ಕಲ್ಲಿನ ಭಾರ ಬುಡ ಹೊರಬೇಕಲ್ಲ" ಎಂದ ಮಗುವಿನ ಚೀಟಿಯನ್ನು ದಯವಿಟ್ಟು ತಪ್ಪಿನ ರಾಶಿಗೆ ಹಾಕಬೇಡಿ. ಆ ಮಾತು ನಿಜ, ನೀರಿನ ಕಡೆಯ ಕಾರಣ ಬಿಟ್ಟುಹೋಗಿದೆ ಅಷ್ಟೆ. ನಾಲ್ಕನೆಯದು "ಡ್ಯಾಮಿನಲ್ಲಿ ಸಿಕ್ಕಾಪಟ್ಟೆ ನೀರಿರುತ್ತೆ, ಅದಕ್ಕೆ". ನಿಮಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ಈ ಮಗು ಒತ್ತಡವನ್ನು ಆಳಕ್ಕೆ ಜೋಡಿಸಿಲ್ಲ, ನೀರು ಎಷ್ಟಿದೆ ಎಂಬುದಕ್ಕೆ ಜೋಡಿಸಿದೆ. ಪರೀಕ್ಷೆಯಲ್ಲಿ ಈ ತಪ್ಪು ಹೊರಗೆ ಬರುವುದೇ ಇಲ್ಲ, ಏಕೆಂದರೆ ಅಲ್ಲಿ ವ್ಯಾಖ್ಯೆ ಬಾಯಿಪಾಠ ಮಾಡಿ ಬರೆದು ಅಂಕ ಪಡೆಯಬಹುದು.

ಮರುದಿನ ತರಗತಿಯನ್ನು ಈ ನಾಲ್ಕನೇ ಉತ್ತರದಿಂದಲೇ ಶುರುಮಾಡಿ. ಯಾರು ಬರೆದದ್ದು ಎಂದು ಹೇಳುವುದು ಬೇಡ. "ಸೂಳೆಕೆರೆಯಷ್ಟು ದೊಡ್ಡ ಕೆರೆ ಒಂದು, ಕಿರಿದಾದ ಬಾವಿ ಒಂದು. ಎರಡರಲ್ಲೂ 5 ಮೀಟರ್ ಆಳಕ್ಕೆ ಹೋದರೆ ಒತ್ತಡ ಎಲ್ಲಿ ಜಾಸ್ತಿ?" ಎಂದು ಕೇಳಿ ಕೈ ಎತ್ತಿಸಿ. ಬಹಳಷ್ಟು ಕೈಗಳು ಕೆರೆಯ ಕಡೆಗೇ ಏಳುತ್ತವೆ. ಈಗ ಒಂದು ಲೀಟರ್ ನೀರಿನ ಬಾಟಲಿ, ಅಡುಗೆ ಎಣ್ಣೆಯ 5 ಲೀಟರ್ ಖಾಲಿ ಕ್ಯಾನ್ ತೆಗೆದುಕೊಳ್ಳಿ. ಎರಡಕ್ಕೂ ತಳದಿಂದ 3 ಸೆಂ.ಮೀ. ಎತ್ತರದಲ್ಲಿ, ಒಂದೇ ಮೊಳೆಯನ್ನು ಕಾಯಿಸಿ ತೂತು ಮಾಡಿ, ಅಂಚಿನಲ್ಲಿ ಕರಗಿ ಎದ್ದ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಕೆರೆಯಿರಿ. ಇದನ್ನು ಬಿಟ್ಟರೆ ಧಾರೆ ಓರೆಯಾಗಿ ಹೋಗಿ ಹೋಲಿಕೆ ಕೆಡುತ್ತದೆ. ತೂತಿಗೆ ಟೇಪ್ ಅಂಟಿಸಿ, ಎರಡರಲ್ಲೂ ತೂತಿನಿಂದ 15 ಸೆಂ.ಮೀ. ಮೇಲಿನವರೆಗೆ ನೀರು ತುಂಬಿ, ಒಂದೇ ಎತ್ತರದ ಮೇಲಿಟ್ಟು, ಮುಚ್ಚಳ ತೆಗೆದು ಟೇಪನ್ನು ಒಟ್ಟಿಗೆ ಕೀಳಿ. ಎರಡು ಧಾರೆಗಳೂ ಒಂದೇ ದೂರಕ್ಕೆ ಬೀಳುತ್ತವೆ. ನೋಡಬೇಕಾದದ್ದು ಮೊದಲ ಎರಡು ಮೂರು ಸೆಕೆಂಡು ಮಾತ್ರ. ಬಾಟಲಿಯ ಮಟ್ಟ ಬೇಗ ಇಳಿಯುವುದರಿಂದ ಆಮೇಲೆ ಅದರ ಧಾರೆ ಸೋಲುತ್ತದೆ, ಅದನ್ನು ಕಂಡು ಮಕ್ಕಳು ಹಳೆಯ ನಂಬಿಕೆಗೇ ಮರಳುವ ಅಪಾಯವಿದೆ.

ಒಂದೇ ಬಾಟಲಿಗೆ ಮೇಲಿಂದ ಕೆಳಗೆ ಮೂರು ತೂತು ಮಾಡಿ ತೋರಿಸುವ ಪ್ರಯೋಗದ ಬಗ್ಗೆಯೂ ಇಲ್ಲೇ ಹೇಳಿಬಿಡಬೇಕು. ಬಾಟಲಿಯನ್ನು ನೆಲದ ಮೇಲಿಟ್ಟರೆ ಕೆಳಗಿನ ಧಾರೆ ಬಹಳ ದೂರ ಹೋಗುವುದಿಲ್ಲ, ನಡುವಿನದು ಮುಂದೆ ಬೀಳುತ್ತದೆ. ಕೆಳಗಿನ ಧಾರೆಯ ವೇಗ ಹೆಚ್ಚೇ ಇದ್ದರೂ ನೆಲ ಬೇಗ ಸಿಕ್ಕಿಬಿಡುವುದು ಕಾರಣ. ಹಾಗಾಗಿ ಬಾಟಲಿಯಲ್ಲಿರುವ ನೀರಿನ ಎತ್ತರಕ್ಕಿಂತ ಹೆಚ್ಚು ಎತ್ತರದ ಸ್ಟೂಲಿನ ಅಂಚಿನಲ್ಲಿಟ್ಟೇ ತೋರಿಸಿ.

ಪ್ರಶ್ನೆ: ಗಣಿತಕ್ಕೆ ಇದು ಬೇಕೇ? ಲೆಕ್ಕ ಸರಿ ಇದ್ದರೆ ಸರಿ, ತಪ್ಪಿದ್ದರೆ ತಪ್ಪು. ಬರೆಸುವುದೇನನ್ನು? (ಪ್ರಾಥಮಿಕ ಶಾಲಾ ಶಿಕ್ಷಕ, ಜಗಳೂರು ತಾಲ್ಲೂಕು)

ಗಣಿತಕ್ಕೇ ಹೆಚ್ಚು ಬೇಕು ಎಂಬುದು ನಮ್ಮ ಅಭಿಪ್ರಾಯ, ಏಕೆಂದರೆ ಅಲ್ಲಿ ತಪ್ಪು ದಾರಿ ಹಿಡಿದೂ ಸರಿ ಉತ್ತರ ಮುಟ್ಟಬಹುದು. ದಶಮಾಂಶ ಹೋಲಿಕೆ ಕಲಿಸಿದ ದಿನ "0.45, 0.6: ಯಾವುದು ದೊಡ್ಡದು?" ಎಂದಷ್ಟೇ ಕೇಳಿದರೆ 0.6 ಎಂದವರೆಲ್ಲ ಕಲಿತಿದ್ದಾರೆ ಎಂದುಕೊಳ್ಳುತ್ತೀರಿ. ಎರಡು ಜೋಡಿ ಕೊಡಿ: 0.45 ಮತ್ತು 0.6; 0.37 ಮತ್ತು 0.3. ಮೊದಲನೆಯದಕ್ಕೆ 0.45, ಎರಡನೆಯದಕ್ಕೆ 0.37 ಎಂದ ಮಗು ಬಿಂದುವಿನ ಆಚೆಯದನ್ನು ಪೂರ್ಣಸಂಖ್ಯೆಯಂತೆ ಓದುತ್ತಿದೆ: 45 ದೊಡ್ಡದು, 37 ದೊಡ್ಡದು. 0.6 ಮತ್ತು 0.3 ಎಂದ ಮಗುವಿನ ದಾರಿ ಬೇರೆ. ಶತಾಂಶ ಎಂದರೆ ಚಿಕ್ಕ ಚೂರು, ಆದ್ದರಿಂದ ಅಂಕಿ ಹೆಚ್ಚಿದ್ದಷ್ಟೂ ಸಂಖ್ಯೆ ಚಿಕ್ಕದು ಎಂದು ಅದು ನಂಬಿದೆ. 0.6, 0.37 ಎಂದವರದು ಸರಿ. ಆದರೂ "ಹೇಗೆ ಗೊತ್ತಾಯಿತು?" ಎಂದು ಒಂದು ಸಾಲು ಬರೆಸಿ.

ಮೊದಲ ಗುಂಪಿಗೆ ಮರುದಿನ 0.6ನ್ನು 0.60 ಎಂದು ಬರೆದು, 100 ಚೌಕದ ಹಾಳೆಯಲ್ಲಿ ಬಣ್ಣ ತುಂಬಿಸಿದರೆ ಸಾಕಾಗುತ್ತದೆ. ಎರಡನೇ ಗುಂಪಿಗೆ ಸೊನ್ನೆ ಸೇರಿಸುವ ಉಪಾಯ ಮಾತ್ರ ಹೇಳಿಕೊಟ್ಟರೆ ಉತ್ತರ ಸರಿ ಬರುತ್ತದೆ, ನಂಬಿಕೆ ಹಾಗೇ ಉಳಿಯುತ್ತದೆ. ಅವರು ಸಂಖ್ಯಾರೇಖೆಯ ಮೇಲೆ 0.3 ಮತ್ತು 0.4ರ ನಡುವೆ 0.37 ಎಲ್ಲಿದೆ ಎಂದು ಕೈಯಾರೆ ಗುರುತಿಸಬೇಕು. ತಪ್ಪು ಎರಡು ಬಗೆಯದು, ಮದ್ದೂ ಎರಡು ಬಗೆಯದು. ಬರೀ ಅಂಕದ ಪಟ್ಟಿ ನೋಡಿದರೆ ಇಬ್ಬರೂ ಒಂದೇ ರೀತಿ ಕಾಣುತ್ತಾರೆ.

ಪ್ರಶ್ನೆ: ನನಗೆ ಐದು ವಿಭಾಗ, ಒಂದೊಂದರಲ್ಲಿ 45 ಮಕ್ಕಳು. ದಿನಕ್ಕೆ 225 ಚೀಟಿ ಓದುವುದು ಆಗುವ ಮಾತೇ? (ಅನುದಾನಿತ ಪ್ರೌಢಶಾಲೆ, ದಾವಣಗೆರೆ ನಗರ)

ಆಗುವುದಿಲ್ಲ, ಮಾಡಲೂಬೇಡಿ. ದಿನಕ್ಕೆ ಒಂದು ವಿಭಾಗ ಸಾಕು. ಆರು ದಿನದ ವಾರದಲ್ಲಿ ಪ್ರತಿ ವಿಭಾಗಕ್ಕೂ ಒಂದು ಸರದಿ ಬಂದು, ಒಂದು ದಿನ ಮಿಗುತ್ತದೆ. ಅದನ್ನು ಹೆಚ್ಚು ತೊಡಕಿರುವ ವಿಭಾಗಕ್ಕೆ ಇಡಿ. ಮುಂದಿನ ಪಾಠ ಯಾವುದರ ಮೇಲೆ ನಿಲ್ಲುತ್ತದೋ ಆ ದಿನದ ಪಾಠವನ್ನು ಚೀಟಿಗೆ ಆರಿಸಿ.

ಓದುವುದೆಂದರೆ ತಿದ್ದುವುದಲ್ಲ. ಕೆಂಪು ಪೆನ್ನು ಕೈಗೆ ತೆಗೆದುಕೊಂಡರೆ 45 ಚೀಟಿಗೆ ಒಂದು ಗಂಟೆ ಹೋಗುತ್ತದೆ. ಪೆನ್ನಿಲ್ಲದೆ, ಮೂರು ರಾಶಿ ಮಾಡುತ್ತಾ ಹೋದರೆ ಒಂದು ಚೀಟಿಗೆ 10 ಸೆಕೆಂಡು ಸಾಕು, ಒಟ್ಟು ಎಂಟು ನಿಮಿಷದೊಳಗೆ ಮುಗಿಯುತ್ತದೆ: ತಲುಪಿದೆ, ಅರ್ಧ ತಲುಪಿದೆ, ತಲುಪಿಲ್ಲ. ಆಮೇಲೆ ಕೊನೆಯ ಎರಡು ರಾಶಿಗಳಿಂದ ಎಲ್ಲರಲ್ಲೂ ಕಂಡ ಒಂದು ತಪ್ಪನ್ನು ಪಾಠಯೋಜನೆಯ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬರೆದಿಡಿ.

ಕಾಗದದ ಲೆಕ್ಕವೂ ದೊಡ್ಡದಲ್ಲ. ಎ4 ಹಾಳೆಯನ್ನು ಮೂರು ಸಲ ಮಡಚಿ ಕತ್ತರಿಸಿದರೆ ಎಂಟು ಚೀಟಿ, 45 ಮಕ್ಕಳಿಗೆ ಆರು ಹಾಳೆ. ಒಂದು ಕಡೆ ಖಾಲಿ ಇರುವ ಹಳೆಯ ಪ್ರಶ್ನೆಪತ್ರಿಕೆಗಳೇ ನಡೆಯುತ್ತವೆ. ಚೀಟಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಪೂರ್ತಿ ಹಾಳೆ ಕೊಟ್ಟರೆ ಮಕ್ಕಳು ಅದನ್ನು ತುಂಬಿಸಲು ಪಾಠವನ್ನೆಲ್ಲ ಇಳಿಸುತ್ತಾರೆ.

ಸಮಯದ ವಿಷಯ: 40 ನಿಮಿಷದ ಪೀರಿಯಡ್ ಆದರೆ 33ನೇ ನಿಮಿಷಕ್ಕೆ ಪಾಠ ನಿಲ್ಲಿಸಿ. ಒಂದು ನಿಮಿಷ ಹಂಚಲು, ನಾಲ್ಕು ನಿಮಿಷ ಬರೆಯಲು, ಒಂದು ನಿಮಿಷ ಸಂಗ್ರಹಿಸಲು. ಉಳಿದ ಒಂದು ನಿಮಿಷ ಕೈಯಲ್ಲಿರಲಿ. ಹೆಚ್ಚಿನ ಕಡೆ ಕೆಡುವುದು ಇಲ್ಲೇ. ಪಾಠ ಎಳೆದೂ ಎಳೆದೂ ಗಂಟೆ ಹೊಡೆಯುವಾಗ ಚೀಟಿ ಹಂಚಿದರೆ ಮಕ್ಕಳು ಬ್ಯಾಗ್ ಹೆಗಲಿಗೇರಿಸಿಕೊಂಡೇ ಗೀಚುತ್ತಾರೆ. ದಿನದ ಕೊನೆಯ ಪೀರಿಯಡ್ ಅಂತೂ ಬೇಡ, ಹಳ್ಳಿಯ ಬಸ್ಸು ಹಿಡಿಯುವ ಮಕ್ಕಳ ಕಣ್ಣು ಕಿಟಕಿಯಾಚೆಗೇ ಇರುತ್ತದೆ.

ಪ್ರಶ್ನೆ: ಹೆಸರು ಬರೆಸಬೇಕೋ ಬೇಡವೋ? ಹೆಸರಿದ್ದರೆ ಪಕ್ಕದವರದು ನೋಡಿ ಬರೆಯುತ್ತಾರೆ, ಇಲ್ಲದಿದ್ದರೆ ಯಾರಿಗೆ ಕಷ್ಟವಾಗಿದೆ ಎಂದೇ ಗೊತ್ತಾಗುವುದಿಲ್ಲ. (ಇಬ್ಬರು ಓದುಗರು, ಚನ್ನಗಿರಿ ಮತ್ತು ಹೊಳಲ್ಕೆರೆ)

ಕ್ರಮಸಂಖ್ಯೆಯನ್ನು ಚೀಟಿಯ ಹಿಂಬದಿಯಲ್ಲಿ ಬರೆಸಿ. ಓದುವಾಗ ತಿರುಗಿಸದೆ ಮೂರು ರಾಶಿ ಮಾಡಿ, ಆಮೇಲೆ ತಿರುಗಿಸಿ ನೋಡಿ. ಇದರಿಂದ ಇನ್ನೊಂದು ಲಾಭವಿದೆ: "ಇವನು ಜಾಣ, ಬರೆದದ್ದು ಸರಿಯೇ ಇರುತ್ತದೆ" ಎಂಬ ಮುನ್ನಂದಾಜು ನಿಮ್ಮ ಕಣ್ಣಿಗೆ ಅಡ್ಡ ಬರುವುದಿಲ್ಲ. ಪಾಠದ ವೇಗ, ನಿಮ್ಮ ಬೋರ್ಡಿನ ಅಕ್ಷರ, ಕೂತ ಜಾಗದಿಂದ ಕೇಳಿಸುತ್ತದೆಯೇ ಎಂಬಂಥ ವಿಷಯ ಕೇಳುವಾಗ ಮಾತ್ರ ಸಂಖ್ಯೆಯೂ ಬೇಡ.

ನಕಲಿಗೆ ಕಾರಣ ಅಂಕದ ಭಯ. ಚೀಟಿಗೆ ಅಂಕವಿಲ್ಲ, ವರ್ಷದ ನಡುನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಪಟ್ಟಿಗೂ ಹೋಗುವುದಿಲ್ಲ ಎಂದು ಮೊದಲ ದಿನವೇ ಹೇಳಿ, ಆ ಮಾತಿಗೆ ನಡೆದುಕೊಳ್ಳಿ. ಒಂದು ಸಲ ತಪ್ಪು ಚೀಟಿಯನ್ನು ಎತ್ತಿ ಹಿಡಿದು ಬೈದರೂ ಆ ತರಗತಿಯಲ್ಲಿ ಮುಂದೆ ನಿಮಗೆ ನಿಜವಾದ ಉತ್ತರ ಸಿಗುವುದು ಬಹಳ ಕಷ್ಟ. ಲೆಕ್ಕದ ಚೀಟಿಗಾದರೆ ಪಕ್ಕಪಕ್ಕದವರಿಗೆ ಬೇರೆ ಬೇರೆ ಸಂಖ್ಯೆ ಕೊಡಿ.

ಪ್ರಶ್ನೆ: ನಮ್ಮಲ್ಲಿ ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು ಬಹಳ, ತಾಂಡಾದಿಂದ ಬರುವ ಲಂಬಾಣಿ ಮಕ್ಕಳೂ ಇದ್ದಾರೆ. ಕನ್ನಡದಲ್ಲಿ ಎರಡು ವಾಕ್ಯ ಬರೆಯುವಷ್ಟರಲ್ಲಿ ನಾಲ್ಕು ನಿಮಿಷ ಮುಗಿಯುತ್ತದೆ. ಅರ್ಥವಾಗಿಲ್ಲವೋ, ಬರೆಯಲು ಬರುತ್ತಿಲ್ಲವೋ ತಿಳಿಯುವುದು ಹೇಗೆ? (ಮೊಳಕಾಲ್ಮುರು ತಾಲ್ಲೂಕು)

ಕೇಳಲೇಬೇಕಾದ ಪ್ರಶ್ನೆ ಇದು. ಬಹುಪಾಲು ಚೀಟಿಗಳು ಅರಿವನ್ನು ಅಳೆಯುತ್ತೇವೆ ಎನ್ನುತ್ತಾ ಭಾಷೆಯನ್ನು ಅಳೆದುಬಿಡುತ್ತವೆ.

ಮೊದಲನೆಯದಾಗಿ, ವಾಕ್ಯದ ಚೌಕಟ್ಟನ್ನು ನೀವೇ ಬೋರ್ಡಿನ ಮೇಲೆ ಕೊಡಿ: "ಬಾವಿಯ ನೀರು ____ ಆಗುತ್ತದೆ, ಏಕೆಂದರೆ ____." ಮಗು ತುಂಬಬೇಕಾದದ್ದು ಬಿಟ್ಟ ಜಾಗ ಮಾತ್ರ. "ಏಕೆಂದರೆ" ನಂತರದ ಭಾಗ ಖಾಲಿ ಉಳಿದರೆ ಎಲ್ಲಿ ತೊಡಕು ಎಂಬುದೂ ತಿಳಿಯುತ್ತದೆ. ಎರಡನೆಯದಾಗಿ, ಚಿತ್ರಕ್ಕೆ ಅವಕಾಶ ಕೊಡಿ. ಕೊಳವೆಬಾವಿ ಬತ್ತುವುದು ಏಕೆ ಎಂಬುದನ್ನು ಮಣ್ಣಿನ ಪದರ, ನೀರಿನ ಮಟ್ಟ, ಎರಡು ಬಾಣ ಬರೆದು ಹೆಸರು ಗುರುತಿಸಿದರೂ ಆಯಿತು. ಆ ಚಿತ್ರದಲ್ಲಿ ನೆಲದಡಿ ಹರಿಯುವ ಹೊಳೆ ಅಥವಾ ದೊಡ್ಡ ತೊಟ್ಟಿ ಬರೆದ ಮಗುವಿಗೆ, ನೀರು ಮಣ್ಣಿನ ಕಣಗಳ ಸಂದಿನಲ್ಲಿ, ಬಂಡೆಯ ಬಿರುಕಿನಲ್ಲಿ ಇರುತ್ತದೆ ಎಂಬುದು ಇನ್ನೂ ಹೊಳೆದಿಲ್ಲ ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಎಷ್ಟೋ ಸಲ ವಾಕ್ಯಕ್ಕಿಂತ ಚಿತ್ರವೇ ನಿಮಗೆ ಹೆಚ್ಚು ತಿಳಿಸುತ್ತದೆ. ಮೂರನೆಯದಾಗಿ, ಆಡುಮಾತಿನಲ್ಲಿ ಬರೆಯಲಿ, ತೆಲುಗಿನ ಪದವನ್ನು ಕನ್ನಡ ಅಕ್ಷರದಲ್ಲಿ ಬರೆಯಲಿ. ಒತ್ತಕ್ಷರ, ದೀರ್ಘದ ತಪ್ಪನ್ನು ಚೀಟಿಯಲ್ಲಿ ತಿದ್ದಲೇಬೇಡಿ, ಅದಕ್ಕೆ ಭಾಷಾ ತರಗತಿಯಿದೆ.

ಇಷ್ಟಾದ ಮೇಲೂ ಸಂಶಯ ಉಳಿದ ಮೂರು ನಾಲ್ಕು ಮಕ್ಕಳನ್ನು ಮರುದಿನ ಪ್ರಾರ್ಥನೆಗೆ ಮುಂಚೆ ಕರೆದು ಅದೇ ಪ್ರಶ್ನೆಯನ್ನು ಬಾಯಲ್ಲಿ ಕೇಳಿ. ಬಾಯಲ್ಲಿ ಸರಿ ಹೇಳಿದರೆ ಅವರಿಗೆ ಬೇಕಾದದ್ದು ಬರವಣಿಗೆಯ ಸಹಾಯ, ಪಾಠದ ಪುನರಾವರ್ತನೆಯಲ್ಲ.

ಪ್ರಶ್ನೆ: ಸಮಾಜ ವಿಜ್ಞಾನಕ್ಕೆ ಒಂದು ಮಾದರಿ ಕೊಡಿ. (ಚಳ್ಳಕೆರೆ)

ನಿಮ್ಮ ನೆರೆಯ ತಾಲ್ಲೂಕಿನದೇ ತೆಗೆದುಕೊಳ್ಳಿ. ಬ್ರಹ್ಮಗಿರಿಯ ಅಶೋಕನ ಶಾಸನ ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮಿ ಲಿಪಿಯಲ್ಲಿದೆ. ಕೊನೆಯಲ್ಲಿ ಚಪಡ ಎಂಬ ಲಿಪಿಕಾರನ ಹೆಸರಿದ್ದು, ಲಿಪಿಕಾರ ಎಂಬ ಪದ ಮಾತ್ರ ಖರೋಷ್ಠಿ ಎಂಬ ಇನ್ನೊಂದು ಲಿಪಿಯಲ್ಲಿದೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ವಾಯವ್ಯ ಭಾರತದ ಕಡೆ. ಚೀಟಿಗೆ: "ಇದರಿಂದ ಚಪಡನ ಬಗ್ಗೆ ಏನು ಊಹಿಸಬಹುದು? ಖಚಿತವಾಗಿ ಏನು ಹೇಳಲಾಗದು?" ಎರಡನೇ ಭಾಗ ಬಿಡಬೇಡಿ. ವಾಯವ್ಯದಿಂದ ಬಂದವನಿರಬಹುದು ಎಂದು ಬರೆಯುವುದು ಸುಲಭ. ಅಲ್ಲಿ ಕಲಿತು ಬಂದ ಬೇರೆ ಊರಿನವನೂ ಆಗಿರಬಹುದಲ್ಲ ಎಂದು ತಡೆದು ಯೋಚಿಸುವ ಮಗುವಿಗೆ, ಆಧಾರ ಬೇರೆ, ಊಹೆ ಬೇರೆ ಎಂಬುದು ಅರ್ಥವಾಗಿದೆ. ಇಸವಿ, ಹೆಸರು ಕೇಳುವುದಕ್ಕೆ ಚೀಟಿ ವ್ಯರ್ಥ ಮಾಡಬೇಡಿ.

ಪ್ರಶ್ನೆ: ಇದು ವಿದೇಶದಿಂದ ಬಂದ ಫ್ಯಾಷನ್ ಎನ್ನುತ್ತಾರೆ ಸಹೋದ್ಯೋಗಿಗಳು. ಪದವಿ ತರಗತಿಯಲ್ಲಿ 110 ವಿದ್ಯಾರ್ಥಿಗಳಿದ್ದಾರೆ, ನಡೆಯುತ್ತದೆಯೇ? (ಉಪನ್ಯಾಸಕ, ದಾವಣಗೆರೆ)

ಹೊರಗಿನಿಂದ ಬಂದದ್ದು ನಿಜ, ಅದೂ ನಿಮ್ಮಂಥ ದೊಡ್ಡ ಕಾಲೇಜು ತರಗತಿಗಳಿಂದಲೇ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಚಾರ್ಲ್ಸ್ ಶ್ವಾರ್ಟ್ಸ್ 1980ರ ದಶಕದ ಆರಂಭದಲ್ಲಿ ಒಂದು ನಿಮಿಷದ ಬರಹವನ್ನು ಬಳಸಿದರು. ಇಂದಿನ ತರಗತಿಯಲ್ಲಿ ಮುಖ್ಯವಾದದ್ದು ಯಾವುದು, ಮನಸ್ಸಿನಲ್ಲಿ ಉಳಿದ ಪ್ರಶ್ನೆ ಯಾವುದು ಎಂಬ ಎರಡೇ ಪ್ರಶ್ನೆ. ಹಾರ್ವರ್ಡ್‌ನ ಸಂಖ್ಯಾಶಾಸ್ತ್ರಜ್ಞ ಫ್ರೆಡರಿಕ್ ಮಾಸ್ಟೆಲರ್, ಉಪನ್ಯಾಸದಲ್ಲಿ ತೀರಾ ಮಸುಕಾಗಿ ಉಳಿದದ್ದು ಯಾವುದು ಎಂದು ಕೇಳಿ ಬರೆಸುವ ವಿಧಾನವನ್ನು 1989ರಲ್ಲಿ ವಿವರಿಸಿದರು.

ಪದವಿ ವಿದ್ಯಾರ್ಥಿಗಳಿಗೆ ಈ ತೆರೆದ ಪ್ರಶ್ನೆಗಳು ನಡೆಯುತ್ತವೆ, ತಮಗೆ ಯಾವುದು ತಿಳಿದಿಲ್ಲ ಎಂಬುದನ್ನು ಅವರು ಸ್ವಲ್ಪಮಟ್ಟಿಗಾದರೂ ಗುರುತಿಸಬಲ್ಲರು. ಆರನೇ ತರಗತಿಗೆ ಇವನ್ನೇ ಇಳಿಸಿದ್ದರಿಂದಲೇ ಮೊದಲ ಪತ್ರದಲ್ಲಿ ಹೇಳಿದಂಥ ಪರಿಸ್ಥಿತಿ ಬರುವುದು. ಸಂಖ್ಯೆಯ ವಿಷಯಕ್ಕೆ ಬಂದರೆ, 110 ಜನರಿಂದಲೂ ಬರೆಸಿ, ಕ್ರಮಸಂಖ್ಯೆಯ ಕೊನೆಯ ಅಂಕಿ ನೋಡಿ ಆ ದಿನಕ್ಕೆ ಮೂರು ಅಂಕಿಯವರದನ್ನು ಓದಿದರೆ ಸುಮಾರು 33 ಚೀಟಿ. ಮುಂದಿನ ಬೆಂಚಿನವರದನ್ನಷ್ಟೇ ಆರಿಸಿ ಓದಬೇಡಿ. ಗೆಳೆಯರು ಒಟ್ಟಿಗೆ ಕೂರುತ್ತಾರೆ, ಮುಂದೆ ಕೂರುವವರು ಮುಂದೆಯೇ ಕೂರುತ್ತಾರೆ, ಹಿಂದಿನ ಬೆಂಚಿನ ಗೊಂದಲ ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

ಪ್ರಶ್ನೆ: ಚಟುವಟಿಕೆಗಳ ಮೂಲಕ ಕಲಿಯುವ ನಲಿಕಲಿ ತರಗತಿಯ ಪುಟ್ಟ ಮಕ್ಕಳಿಗೆ?

ಬೇಡ. ಬರವಣಿಗೆಯೇ ಹೊಸದಾಗಿರುವ ವಯಸ್ಸಿನಲ್ಲಿ ಚಿತ್ರ, ಕಲ್ಲು ಬೀಜ ಜೋಡಿಸಿ ತೋರಿಸುವುದು, ಬಾಯಿಮಾತು ಸಾಕು.

ಪ್ರಶ್ನೆ: ಮೇಲಧಿಕಾರಿಗಳು ಭೇಟಿಗೆ ಬಂದಾಗ ದಾಖಲೆ ಕೇಳುತ್ತಾರೆ. ಚೀಟಿಗಳನ್ನೆಲ್ಲ ಕೃತಿಸಂಪುಟದಲ್ಲಿ, ಅಂದರೆ ಮಗುವಿನ ಕೆಲಸಗಳನ್ನು ಸೇರಿಸಿಡುವ ಕಡತದಲ್ಲಿ, ಅಂಟಿಸಿಡಬೇಕೇ? (ಹೊಸದುರ್ಗ ತಾಲ್ಲೂಕು)

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಪ್ರಕರಣ ಮಗುವಿನ ಅರಿವನ್ನು ನಿರಂತರವಾಗಿ, ಸಮಗ್ರವಾಗಿ ಮೌಲ್ಯಮಾಪನ ಮಾಡಬೇಕು ಎನ್ನುತ್ತದೆ. ನಿರಂತರ ಎಂದರೆ ಕಾಗದ ಪೇರಿಸುವುದಲ್ಲ. ಪಾಠಯೋಜನೆಯ ಪುಸ್ತಕದಲ್ಲಿ ಮೂರು ಸಾಲು ಇರಲಿ: ದಿನಾಂಕ ಮತ್ತು ಪ್ರಶ್ನೆ, ಮೂರು ರಾಶಿಗಳ ಸಂಖ್ಯೆ, ಉದಾಹರಣೆಗೆ 19, 14, 12, ಮರುದಿನ ಏನು ಬದಲಿಸಿದಿರಿ. ಭೇಟಿಗೆ ಬಂದವರಿಗೆ ಮೂರನೇ ಸಾಲು ತೋರಿಸಿ. ಚೀಟಿಗಳನ್ನು ಆ ಘಟಕ ಮುಗಿಯುವವರೆಗೆ ಒಂದು ಲಕೋಟೆಯಲ್ಲಿಡಿ, ಆಮೇಲೆ ಮಕ್ಕಳಿಗೇ ಹಿಂದಿರುಗಿಸಿ. ಮೊದಲ ವಾರ ತಾನು ಬರೆದದ್ದನ್ನು ಘಟಕದ ಕೊನೆಯಲ್ಲಿ ಓದಿದ ಮಗು ಅದನ್ನು ತಾನೇ ತಿದ್ದಲಿ.

ಪ್ರಶ್ನೆ: ಎರಡು ತಿಂಗಳು ಚೆನ್ನಾಗಿ ನಡೆಯಿತು. ಈಗ ಮಕ್ಕಳು ಏನೋ ಒಂದು ಗೀಚಿ ಕೊಡುತ್ತಾರೆ. ನಿಲ್ಲಿಸಿಬಿಡಲೇ? (ಹರಿಹರ)

ನಿಲ್ಲಿಸುವ ಮುಂಚೆ ಇದನ್ನು ನೋಡಿ: ಕಳೆದ ನಾಲ್ಕು ಚೀಟಿಗಳ ಮರುದಿನ ತರಗತಿಯಲ್ಲಿ ಅವುಗಳ ಮಾತು ಬಂದಿತೇ? ಬಂದಿರದಿದ್ದರೆ ಮಕ್ಕಳ ಆಸಕ್ತಿ ಸತ್ತದ್ದು ಸಹಜ. ತಾವು ಬರೆದದ್ದು ಎಲ್ಲಿ ಹೋಯಿತು ಎಂದೇ ತಿಳಿಯದಿದ್ದರೆ ಯಾರಾದರೂ ಏಕೆ ಮನಸ್ಸಿಟ್ಟು ಬರೆಯುತ್ತಾರೆ?

ಮರುದಿನದ ಮೊದಲ ಐದು ನಿಮಿಷವನ್ನು ಚೀಟಿಗೇ ಮೀಸಲಿಡಿ. ಐದರಲ್ಲಿ ನಾಲ್ಕು ಪಾಲು ಮಕ್ಕಳಿಗೆ ತಲುಪಿದ್ದರೆ ಒಂದು ಒಳ್ಳೆಯ ಚೀಟಿ ಓದಿ ಹೇಳಿ ಮುಂದೆ ಹೋಗಿ, ಉಳಿದವರನ್ನು ಅಭ್ಯಾಸದ ಹೊತ್ತಿನಲ್ಲಿ ಅವರ ಬೆಂಚಿಗೇ ಹೋಗಿ ಮಾತಾಡಿಸಿ. ಅರ್ಧಕ್ಕರ್ಧ ಇದ್ದರೆ ಎರಡು ವಿರುದ್ಧ ಉತ್ತರಗಳನ್ನು ಹೆಸರಿಲ್ಲದೆ ಬೋರ್ಡಿನ ಮೇಲೆ ಬರೆದು, ಬೇರೆ ಬೇರೆ ಉತ್ತರ ಕೊಟ್ಟವರನ್ನು ಜೋಡಿ ಮಾಡಿ ಮೂರು ನಿಮಿಷ ವಾದಿಸಲು ಬಿಡಿ. ಹೆಚ್ಚಿನವರಿಗೆ ತಲುಪಿಲ್ಲದಿದ್ದರೆ ಮತ್ತೆ ಕಲಿಸಲೇಬೇಕು, ಅದೂ ನಿನ್ನೆಯ ಉದಾಹರಣೆ ಬಿಟ್ಟು ಬೇರೆ ವಸ್ತು, ಬೇರೆ ಚಿತ್ರ ಹಿಡಿದು. ಇವು ಅಂದಾಜಿನ ಗೆರೆಗಳು, ನಿಮ್ಮ ತರಗತಿಗೆ ಹೊಂದುವಂತೆ ಬದಲಿಸಿಕೊಳ್ಳಿ.

ಎರಡು ವಾರ ಹೀಗೆ ನಡೆಸಿ, ವಾರಕ್ಕೆ ಒಂದೇ ಚೀಟಿ. ಆಗಲೂ ಗೀಚುವುದು ನಿಲ್ಲದಿದ್ದರೆ ಪ್ರಶ್ನೆ ಬರೆಯುವ ಕೆಲಸವನ್ನು ಮಕ್ಕಳಿಗೇ ಕೊಡಿ: "ಇಂದಿನ ಪಾಠ ಅರ್ಥವಾಗಿದೆಯೇ ಎಂದು ನೋಡಲು ಪಕ್ಕದವರಿಗೆ ಯಾವ ಪ್ರಶ್ನೆ ಕೇಳುತ್ತೀರಿ?" ಅವುಗಳಲ್ಲಿ ಒಂದನ್ನು ಆರಿಸಿ ಮುಂದಿನ ವಾರದ ಚೀಟಿಗೆ ಹಾಕಿ.